ಎಕ್ಸ್‌ಲೇಟರ್ ಬುಟ್ರೆ ಕತ್ಲೆ

ನಿನ್ ಗಾಡೀಗೆ ಜೋರು ಲೈಟಿದ್ರೆ ಏನಾಯ್ತು ಬುಡಮ್ಮಿ, ಆನೆ ನಿಂಗೆ ಕಾಣ್ತದೆ, ನೀನೂ ಆನೆಗೆ ಕಾಣ್ತೀಯ, ಅಷ್ಟೇಯ. ಆ ಹೆಲ್ಮೆಟ್ಟು ಕೆಳಗ್ ಮಡುಗಿ ಕೂತ್ಕೋ ವಸಿ. ಮೊಮ್ಮಗಳು ಒಬ್ಳೇ ಕತ್ಲೇಲಿ ಕಾಡಂಚಿನ ದಾರೀಲಿ ಬಂದ್ರೆ ಅಜ್ಜಿ ಎದೆ ಹೊಡ್ಕೊಳ್ಳಕ್ಕಿಲ್ವಾ? ನಿಮ್ತಾತನ ಗಾಡಿಗೆ ಇಂಥ ಬೆಳ್ಳನೆ ಲೈಟು ಎಲ್ಲಿತ್ತು? ಹಳೇ ಮೋಟ್ರುಬೈಕು. ಎಕ್ಸ್‌ಲೇಟರ್ ಕೊಟ್ರೆ ಲೈಟು ಉರೀತಿತ್ತು, ಬುಟ್ರೆ ಬೀಡಿ ತುದಿ ಅಂಗೆ ಕೆಂಪಗಾಗೋದು. ನಿಧಾನಕ್ಕೋದ್ರೆ ದಾರಿ ಕಾಣಕ್ಕಿಲ್ಲ, ದಾರಿ ಕಾಣ್ಬೇಕು ಅಂದ್ರೆ ಜೋರಾಗಿ ಓಗ್ಬೇಕು, ಅಂಥ ಗಾಡಿ. ಆವತ್ತು ಕೋಟೆ ಕಡೆ ನಮ್ಮಣ್ಣನ ಮನೆಯಿಂದ ಹುಣಸೂರಿಗೆ ಬತ್ತಾ ಇದ್ದೋ. ಮಧ್ಯಾಹ್ನವೇ ಹೊರಡೋಣ ಅಂದೆ ನಾನು, ಅಲ್ಲ ಅಲ್ಲ, ಅಂದಿದ್ದು ನಿಮ್ತಾತ, ನಮ್ಮತ್ತಿಗೆ ಬುಡ್ಬೇಕಲ್ಲ, 'ಕೋಳಿ ಕುಯ್ಸಿವ್ನಿ, ಉಣ್ದೆ ಎದ್ರೆ ಇನ್ನ ಈ ಕಡೆ ಬರ್ಲೇಬ್ಯಾಡಿ' ಅಂತ ತಟ್ಟೆ ಹಾಕ್ಬುಟ್ಲು. ಉಂಡು ಏಳೋ ಹೊತ್ಗೆ ಹೊತ್ತು ಮುಳುಗ್ತಿತ್ತು. ನಿಮ್ತಾತನ ಹಿಂದೆ ನಾನು, ನನ್ ಮಡ್ಲಲ್ಲಿ ಮಗು. ಯಾರು ಅಂತೀಯ, ನಿಮ್ಮಪ್ಪನೇ ಕಣಮ್ಮಿ. ಆಗ ತಾನೆ ಮುಂದ್ಲ ಹಲ್ಲು ಬಂದಿದ್ವು. ಗಾಡಿ ಗುಡುಗುಡು ಅಂತಿದ್ರೆ ಗಡದ್ದಾಗಿ ನಿದ್ದೆ, ನಿಂತ್ರೆ ಕಿಟಾರ್ ಅಂತ ಕಿರ್ಚೋನು.

ಆ ದಾರಿ ಗೊತ್ತಲ್ಲ ನಿಂಗೆ, ಒಂದ್ ಕಡೆ ಆನೆ ದಾಟ್ದಂಗೆ ತೋಡಿರೋ ಟ್ರೆಂಚು, ಇನ್ನೊಂದ್ ಕಡೆ ಬಿದಿರು ಮೆಳೆ. ತಿರುವಲ್ಲಿ ತಿರುಗಿದ್ವು, ದಾರಿ ಮಧ್ಯದಲ್ಲಿ ಮಣ್ಣಿನ ಗೋಡೆ ಇದ್ದಂಗಿತ್ತು. ನೋಡ್ತಿದ್ದಂಗೆ ಗೋಡೆ ಕಿವಿ ಆಡಿಸ್ತು. ನಿಮ್ತಾತ ಇಂಜಿನ್ ಆರ್ಸ್ದೆ ಗಾಡಿ ನಿಲ್ಸಿದ್ರು. ವಾಪಸ್ ತಿರುಗ್ಸೋಣ ಅಂತ ನೋಡಿದ್ರೆ, ನಾವು ಬಂದ ದಾರೀಗೇ ಮೆಳೆಯಿಂದ ಇನ್ನೆರಡು ಇಳೀತಾ ಅವೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ಸಿಕ್ಕಾಕ್ಕೊಂಡೋ. ಎಕ್ಸ್‌ಲೇಟರ್ ಕೊಟ್ರೆ ಲೈಟು ಅದ್ರ ಕಣ್ಣಿಗೇ ಬೀಳ್ತದೆ, ಆ ಸದ್ದಿಗೆ ಅದು ಒಂದೆಜ್ಜೆ ಮುಂದಕ್ಕೆ ಬತ್ತದೆ. ಬುಟ್ರೆ ಕತ್ಲೆ, ಆನೆ ಎಲ್ಲದೆ ಅಂತ್ಲೇ ಗೊತ್ತಾಗಕ್ಕಿಲ್ಲ. ನಿಮ್ತಾತ ಕೊಡ್ತಾರೆ, ಬುಡ್ತಾರೆ, ಕೊಡ್ತಾರೆ, ಬುಡ್ತಾರೆ. ಲೈಟು ಬಂದಾಗಲೆಲ್ಲ ಆನೆ ವಸಿ ಹತ್ರ. 'ಏನೂಂದ್ರೆ, ಗಾಡಿ ಆರ್ಸ್ಬುಡಿ' ಅಂದೆ. 'ಆರ್ಸಿದ್ರೆ ಮಗು ಎದ್ದು ಅಳ್ತದೆ ಕಣೇ, ಅತ್ರೆ ಮುಗೀತು.' 'ಮಗೀನ ನಾನ್ ನೋಡ್ಕತೀನಿ, ಆರ್ಸಿ.' 'ಲೈಟಿಲ್ದೆ ಎಂಗೇ...' 'ಆ ಲೈಟಿಗೇ ಅದು ಬತ್ತಾ ಇರೋದು, ಕಾಣಕ್ಕಿಲ್ವಾ ನಿಮ್ಗೆ?' ಆರ್ಸಿದ್ರು.

ಮಗು ಮಿಸುಕ್ತು. ಬಾಯ್ ಬುಡೋ ಅಷ್ಟ್ರಲ್ಲಿ ಸೆರಗಿನೊಳಕ್ಕೆ ಎಳ್ಕೊಂಡು ಹಾಲಿಗೆ ಹಾಕ್ಕೊಂಡೆ. ಕುಡೀತಾ ಕುಡೀತಾ ಕಚ್ಬುಟ್ಟ ನಿಮ್ಮಪ್ಪ. ಕಣ್ಣಲ್ಲಿ ದಳದಳ ನೀರು. ಕೂಗಂಗಿಲ್ಲ, ಬುಡಿಸ್ಕೊಳ್ಳಂಗಿಲ್ಲ, ಬುಡಿಸ್ಕೊಂಡ್ರೆ ಅಳ್ತಾನೆ. ನಿಮ್ತಾತನ ಅಂಗಿ ಹಲ್ಲಲ್ಲಿ ಕಚ್ಕೊಂಡು ಕೂತೆ. ಆನೆ ಪಕ್ಕದಲ್ಲೇ ಬಂತು ಕಣಮ್ಮಿ. ಕಾಣ್ಲಿಲ್ಲ, ವಾಸ್ನೆ ಬಂತು, ಹೊಟ್ಟೆ ಗುರುಗುರು ಅನ್ನೋದು ಕೇಳಿಸ್ತು, ಸೊಂಡ್ಲಿನ ಉಸಿರು ನನ್ ಕಾಲ್ಮೇಲೆ ಬಿಸಿಯಾಗಿ ಬಿತ್ತು. ಆಯ್ತು ನಮ್ ಕತೆ, ಮಗು ಹಸ್ಕೊಂಡಂತೂ ಸಾಯಕ್ಕಿಲ್ಲ ಅನ್ಕೊಂಡೆ. ಆಮ್ಯಾಕೆ ಬಿದಿರು ಪಟಪಟ ಅಂತು, ಸದ್ದು ದೂರಾಯ್ತು, ಮೂರೂ ಮೆಳೆ ಒಳಕ್ಕೆ ಓದ್ವು ಅಂತ ಕಾಣ್ತದೆ. ನಿಮ್ತಾತ ಕಿಕ್ಕರ್ ಮೇಲೆ ಕಾಲಿಟ್ರು. 'ಬ್ಯಾಡ, ಇನ್ನೂ ಇವ್ನು ಬುಟ್ಟಿಲ್ಲ' ಅಂದೆ. ಹೊಟ್ಟೆ ತುಂಬಿ ಅವ್ನೇ ಬುಡೋ ತಂಕ ಇಬ್ರೂ ಅಲ್ಲಾಡ್ಲಿಲ್ಲ. ಈಗ ಅವ್ನು, ನಂಗೆ ಆನೆ ಅಂದ್ರೆ ಭಯವೇ ಇಲ್ಲ ಅಂತ ಊರೆಲ್ಲ ಏಳ್ಕೊಂಡು ತಿರುಗ್ತಾನೆ. ಭಯ ಎಲ್ಲಿಂದ ಬತ್ತದೆ, ಹಾಲು ಕುಡೀತಿದ್ದ. ಅವ್ನ ಪಾಲಿಂದೂ ನಾನೇ ಪಟ್ಟಿದ್ದು. ಅದ್ಕೇ ಏಳ್ತೀನಿ, ಹೊತ್ತಿದ್ದಂಗೇ ಮನೆ ಸೇರ್ಕೋ. ಕತ್ಲಾಗೋಯ್ತಾ, ಎಲ್ಲಿದ್ದೀಯೋ ಅಲ್ಲೇ ಉಳ್ಕೊಂಡು ಒಂದ್ ಫೋನ್ ಹಾಕು. ಬಯ್ಯಕ್ಕಿಲ್ಲ ನಾನು.