ಎರಡು ಕ್ಯಾನು ಹೆಪ್ಪು

ಹೆಸರು: ರುದ್ರವ್ವ ಕೋಂ ಕಾಶಪ್ಪ ಮೇಟಿ. ವಯಸ್ಸು: 57 ವರ್ಷ. ಉದ್ಯೋಗ: ಇಂಜಿನಿಯರಿಂಗ್ ಸಂಸ್ಥೆಯ ವಸತಿಗೃಹದಲ್ಲಿ ಖಾನಾವಳಿ ನಡೆಸುವುದು. ಮೂಲ ಊರು: ಜಮಖಂಡಿ. ಸದ್ಯದ ವಾಸ: ಯೆರವಡಾ, ಪುಣೆ. ಇಲ್ಲಿಗೆ ಬಂದು 31 ವರ್ಷವಾಯಿತು.

ದಿನಾಂಕ 25-11-2025ರಂದು ಮುಂಜಾನೆ 10 ಗಂಟೆ 20 ನಿಮಿಷಕ್ಕೆ ನನ್ನನ್ನು ಠಾಣೆಗೆ ಕರೆಸಿ, ಸಂಸ್ಥೆಯ ಆಡಳಿತಾಧಿಕಾರಿ ಪ್ರಲ್ಹಾದ ದೇಸಾಯಿ ಇವರು ಕೊಟ್ಟಿರುವ ಕಳವಿನ ದೂರನ್ನು ಓದಿ ಹೇಳಲಾಯಿತು. ನನಗೆ ಮರಾಠಿ ಬರುತ್ತದೆ, ಆದರೆ ಸಿಟ್ಟು ಬಂದರೆ ಕನ್ನಡವೇ ಬರುತ್ತದೆ ಎಂದು ಹೇಳಿದ್ದರಿಂದ, ಅಕ್ಕಲಕೋಟ ಕಡೆಯವರಾದ ಹವಾಲ್ದಾರ ಬಸವಪ್ರಭು ಇವರು ನನ್ನ ಮಾತನ್ನು ಕನ್ನಡದಲ್ಲಿಯೇ ಬರೆದುಕೊಳ್ಳುತ್ತಿದ್ದಾರೆ. ಈ ಮೂಲಕ ನಾನು ತಿಳಿಸುವುದೇನೆಂದರೆ, ಆ ಎರಡು ಕ್ಯಾನು ಒಯ್ದವಳು ನಾನೇ. ಇಂಪನಾ ಒಯ್ದಿಲ್ಲ, ಅವಳಿಗೆ ಗೊತ್ತೂ ಇರಲಿಲ್ಲ. ಮೊದಲು ಇಷ್ಟನ್ನು ಬರೆದುಕೊಂಡು ಉಳಿದದ್ದನ್ನು ಆಮೇಲೆ ಬರೆಯಿರಿ ಎಂದು ಹವಾಲ್ದಾರರಿಗೆ ಹೇಳಿದ್ದೇನೆ.

ಖಾನಾವಳಿಯ ಹಿಂಬಾಗಿಲಿನಿಂದ 40 ಹೆಜ್ಜೆ ದೂರದಲ್ಲಿ ಆರು ಸಾವಿರ ಲೀಟರಿನ ಒಂದು ಟಾಕಿ ಇರುತ್ತದೆ. ನಮ್ಮ ಎಂಜಲು, ಮುಸುರೆ, ಉಳ್ಳಾಗಡ್ಡಿ ಸಿಪ್ಪೆ, ಹೊರಗಿನ ಹಣ್ಣಿನ ರಸದ ಅಂಗಡಿಗಳ ಮೋಸಂಬಿ ಮತ್ತು ನಿಂಬೆ ಸಿಪ್ಪೆ ಎಲ್ಲ ಅದರೊಳಗೆ ಹೋಗುತ್ತದೆ. ಅದರ ಗ್ಯಾಸು ನನ್ನ ಎರಡು ಒಲೆಗಳಿಗೆ ಬರುತ್ತದೆ, ಉಳಿದ ರಾಡಿ ಗಿಡಗಳಿಗೆ ಗೊಬ್ಬರವಾಗುತ್ತದೆ. ಇದನ್ನು ನಡೆಸುವವಳು ಇಂಪನಾ, ತುಮಕೂರಿನ ಹುಡುಗಿ, ವಯಸ್ಸು 28, ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತಾಳೆ. ಸಾಧಾರಣ ಸಗಣಿ ಗ್ಯಾಸಿನ ಟಾಕಿಗೆ ಅಷ್ಟು ಹುಳಿಸಿಪ್ಪೆ ಹಾಕಿದರೆ ನಾಲ್ಕು ದಿನಕ್ಕೆ ಕೆಟ್ಟು ನಿಲ್ಲುತ್ತದೆ. ಇವಳು ಒಳಗಿನ ಕಣ್ಣಿಗೆ ಕಾಣದ ಜೀವಿಗಳಿಗೆ ಮೊದಲ ತಿಂಗಳು ದಿನಕ್ಕೆ ಒಂದು ಮುಷ್ಟಿ, ಮುಂದಿನ ತಿಂಗಳು ಎರಡು ಮುಷ್ಟಿ ಎಂದು ರೂಢಿ ಮಾಡಿಸುತ್ತ, ಮೂರು ವರ್ಷ ಎಂಟು ತಿಂಗಳಲ್ಲಿ ದಿನಕ್ಕೆ 18 ಕಿಲೋ ಸಿಪ್ಪೆ ತಿಂದು ಅರಗಿಸುವ ಹಾಗೆ ಮಾಡಿದ್ದಾಳೆ. ಅವಳ ಸಂಶೋಧನೆ ಎಂದರೆ ಅದೇ. ಅದು ಯಾವ ಪೇಟೆಯಲ್ಲಿಯೂ ಸಿಗುವುದಿಲ್ಲ.

ಮೊದಲ ವರ್ಷ ಅವಳು ನನಗೆ, “ಅಮ್ಮಾ, ಒಳಗಡೆ ಇರೋದು ಲೈವ್ ಕಲ್ಚರ್, ಟೆಂಪರೇಚರ್ ಮೇಂಟೇನ್ ಆಗ್ಬೇಕು” ಎಂದು ತಿಳಿಸಿ ಹೇಳಿದಳು. ಇದಕ್ಕೆ ಇಷ್ಟು ಇಂಗ್ಲಿಷ್ ಯಾಕೆ, ಇದು ಹೆಪ್ಪು ಎಂದು ನಾನು ಹೇಳಿದೆನು. ಬೆಚ್ಚಗಿರಬೇಕು, ಹೊತ್ತಿಗೆ ಸರಿಯಾಗಿ ಉಣಿಸಬೇಕು, ಸುಮ್ಮಸುಮ್ಮನೆ ಕೈ ಹಾಕಬಾರದು. ಆಗ ಒಮ್ಮೆ ಟಾಕಿ ಹುಳಿಯಾಗಿ ಗ್ಯಾಸು ನಿಂತಿತ್ತು. ಹೊಟ್ಟೆ ಕೆಟ್ಟವರಿಗೆ ಮತ್ತೆ ಊಟ ಬಡಿಸುತ್ತಾರೆಯೇ ಎಂದು ಕೇಳಿ, ಆರು ದಿನ ಉಪವಾಸ ಇಡಿಸಿ, ಸುಣ್ಣದ ತಿಳಿ ಹಾಕಿಸಿದೆನು. ಏಳನೆಯ ದಿನ ಒಲೆ ನೀಲಿ ಉರಿಯಿತು. ಅಂದಿನಿಂದ ಮುಂಜಾನೆ 8-15ಕ್ಕೆ ಮತ್ತು ಮಧ್ಯಾಹ್ನ 3 ಗಂಟೆಗೆ ಬೆಚ್ಚನೆಯ ನೀರು ಕೂಡಿಸಿ ಟಾಕಿಗೆ ಉಣಿಸುವ ಕೆಲಸ ನನ್ನದೇ ಆಗಿರುತ್ತದೆ. ಒಂದು ದಿನವೂ ತಪ್ಪಿಸಿಲ್ಲ.

ದಿನಾಂಕ 17-11-2025, ಸೋಮವಾರ, 11 ಗಂಟೆ 20 ನಿಮಿಷಕ್ಕೆ ಪ್ರಲ್ಹಾದ ದೇಸಾಯಿಯವರು ಮೂಗಿಗೆ ಕರವಸ್ತ್ರ ಹಿಡಿದು ಟಾಕಿಯ ಹತ್ತಿರ ಬಂದರು. ಇವರು ವಿಜಯಪುರದ ಕಡೆಯವರು, ನನ್ನೊಡನೆ ಕನ್ನಡ ಮಾತಾಡುತ್ತಾರೆ. ಗುರುವಾರ ಸಂಸ್ಥೆಗೆ ದರ್ಜೆ ಕೊಡುವ ಐದು ಜನರ ಕಮಿಟಿ ಬರುತ್ತದೆ, ಟಾಕಿಯ ವಾಸನೆ ಭಾಳ ಅದ, ನಾಳೆ ಅರ್ಧ ಖಾಲಿ ಮಾಡಿ ಫಿನಾಯಿಲ್ ಹಾಕಿ ತೊಳೆಸುತ್ತೇನೆ ಎಂದು ಹೇಳಿದರು. ವಾಸನೆ ಟಾಕಿಯದಲ್ಲ. ಟಾಕಿಯಿಂದ 14 ಅಡಿ ಆಚೆ ಅತಿಥಿಗೃಹದ ಚರಂಡಿಯ ಕಲ್ಲು ಗಣಪತಿ ಹಬ್ಬದಲ್ಲಿ ಒಡೆದದ್ದು ಇವತ್ತಿನವರೆಗೆ ಹಾಗೆಯೇ ಬಾಯಿ ತೆರೆದು ಕೂತಿದೆ. ಅದರ ಬಗ್ಗೆ ನಾನು ಮೂರು ಸಲ ಹೇಳಿದ್ದೇನೆ. ಬೇಕಾದರೆ ಎರಡೂ ಕಡೆ ನಿಂತು ಮೂಸಿ ನೋಡಿರಿ ಎಂದಾಗ ಅವರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಇಂಪನಾ ಅವರಿಗೆ, “ಸರ್, ಫಿನಾಯಿಲ್ ಹಾಕಿದ್ರೆ ಒಳಗಿರೋದೆಲ್ಲಾ ಸತ್ತೋಗುತ್ತೆ ಸರ್, ನನ್ನ ಹತ್ರ ಬೇರೆ ಬ್ಯಾಕಪ್ ಇಲ್ಲ” ಎಂದು ಎರಡು ಸಲ ಹೇಳಿದಳು. ಹಾಗಿದ್ದರೆ ಅರ್ಜಿ ಬರೆದು ನಿಮ್ಮ ಮಾರ್ಗದರ್ಶಕರ ಸಹಿ ಮಾಡಿಸಿ ತನ್ನಿ ಎಂದು ಅವರು ಹೇಳಿದರು. ಮಾರ್ಗದರ್ಶಕರು ಪರದೇಶದಲ್ಲಿದ್ದಾರೆ, ಡಿಸೆಂಬರ್ 2ಕ್ಕೆ ಬರುತ್ತಾರೆ. ಇದು ಪ್ರಲ್ಹಾದರಿಗೆ ಗೊತ್ತಿತ್ತು, ಅವರ ರಜೆಯ ಕಾಗದಕ್ಕೆ ಸಹಿ ಹಾಕಿದವರೇ ಇವರು. ಆಗ ನಾನು, “ಸಾಹೇಬ್ರ, ನಿಮ್ಮ ಮನ್ಯಾಗ ಮೊಸರಿನ ಗಡಿಗಿ ವಾಸನಿ ಬಂತಂತ ಫಿನಾಯಿಲ್ ಸುರೀತೀರೇನ್ರಿ?” ಎಂದು ಕೇಳಿದೆನು. ಅದಕ್ಕೆ ಅವರು, “ನೀವು ರೊಟ್ಟಿ ಬಡೀರಿ ರುದ್ರವ್ವ, ರಿಸರ್ಚ್ ನಮಗ ಬಿಡ್ರಿ” ಎಂದರು. ಈ ಮಾತಿಗೆ ನನ್ನ ಮೈಯೆಲ್ಲ ಉರಿಯಿತು, ಈಗಲೂ ಉರಿಯುತ್ತಿದೆ. ಇದನ್ನು ಮೆತ್ತಗೆ ಮಾಡದೆ ಹಾಗೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ಅದೇ ದಿನ ಮಧ್ಯಾಹ್ನ 3 ಗಂಟೆಗೆ ಟಾಕಿಗೆ ಉಣಿಸಿದೆನು. ಇಂಪನಾ ಅರ್ಜಿ ಹಿಡಿದು ಕಚೇರಿಯ ಬೆಂಚಿನ ಮೇಲೆ ಕೂತಿದ್ದಳು. 3-25ಕ್ಕೆ ನಾನು ಕೆಳಗಿನ ನಳ ಬಿಟ್ಟು 20 ಲೀಟರಿನ ಎರಡು ಎಣ್ಣೆ ಕ್ಯಾನುಗಳಿಗೆ ಟಾಕಿಯೊಳಗಿನದನ್ನು ತುಂಬಿದೆನು. ಆರಬಾರದೆಂದು ನನ್ನ ಕೌದಿ ಸುತ್ತಿದೆನು. ಗೇಟಿನ ದಫ್ತರದಲ್ಲಿ, ಟಾಕಿಗೆ ಹೆಚ್ಚಾದದ್ದನ್ನು ದನಗಳಿಗೆ ಒಯ್ಯುವಾಗ ಬರೆಸುವಂತೆ, ‘ಮುಸುರೆ, ಎರಡು ಕ್ಯಾನು’ ಎಂದು ಬರೆಸಿದೆನು. ಈ ಪ್ರಕರಣದಲ್ಲಿ ನಾನು ಹೇಳಿದ ಸುಳ್ಳು ಇದೊಂದೇ. ಇದಕ್ಕೆ ಕಾಯದೆಯ ಕಲಮು ಇದ್ದರೆ ಹಚ್ಚಿರಿ.

3-40ಕ್ಕೆ ರಿಕ್ಷಾ ಹಿಡಿದು ಹಡಪ್ಸರಕ್ಕೆ ಹೋದೆನು. ಅಲ್ಲಿಂದ ಸಾಸವಡದ ಬಸ್ಸು 4-25ಕ್ಕೆ ಬಿಟ್ಟಿತು. ಕಂಡಕ್ಟರು ಮೂಗು ಮುರಿದು, ಮಾವಶಿ, ಇದೇನು ಎಂದು ಮರಾಠಿಯಲ್ಲಿ ಕೇಳಿದಾಗ, ವಿರಜಣ ಎಂದು ಹೇಳಿದೆನು. ಅವರ ಭಾಷೆಯಲ್ಲಿ ಹೆಪ್ಪಿಗೆ ಹಾಗೆ ಹೇಳುತ್ತಾರೆ. ನಲವತ್ತು ಲೀಟರ್ ಹೆಪ್ಪು ಯಾರ ಮದುವೆಗೆ ಎಂದು ಅವನು ನಕ್ಕು, ಕೊನೆಯ ಸೀಟಿನ ಕೆಳಗೆ ಇಡಲು ಬಿಟ್ಟನು. ದಿವೆ ಘಾಟಿನ ತಿರುವುಗಳಲ್ಲಿ ಕ್ಯಾನು ಉರುಳಬಾರದೆಂದು ಎರಡೂ ಕಾಲುಗಳನ್ನು ಅವುಗಳಿಗೆ ಒತ್ತಿಟ್ಟು ಕೂತಿದ್ದೆನು.

ಸಾಸವಡದಲ್ಲಿ ನನ್ನ ತಂಗಿ ರೇಣು ಇರುತ್ತಾಳೆ. ಅವಳ ಮನೆಯ ಹಿಂದೆ ಎರಡು ಎಮ್ಮೆಗಳ ಸಗಣಿಯಿಂದ ನಡೆಯುವ ಚಿಕ್ಕ ಗ್ಯಾಸ್ ಡ್ರಮ್ಮು ಇದೆ, ಅದರ ಪಕ್ಕ ಒಂದು ಖಾಲಿ ಡ್ರಮ್ಮು ಬಿದ್ದಿತ್ತು. ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ, ಮಾತು ಬಿಟ್ಟ ಮನೆಯವರು ಬಂದರೂ ಕೊಡುತ್ತೇವೆ. ಆದರೆ ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟುವುದಿಲ್ಲ. ನಾನು ಬಸ್ಸಿನಿಂದ ಫೋನು ಮಾಡಿ, ದೀಪ ತಡೆದು ಹಚ್ಚು ಎಂದು ಹೇಳಿದ್ದೆನು. ನಾನು ಮನೆ ಮುಟ್ಟಿದಾಗ 5-45 ಆಗಿತ್ತು. ರೇಣು ಬತ್ತಿ ಹೊಸೆದಿಟ್ಟುಕೊಂಡು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎರಡೂ ಕ್ಯಾನು ಡ್ರಮ್ಮಿಗೆ ಸುರಿದು, ಬೆಚ್ಚನೆಯ ಸಗಣಿ ನೀರು ಕೂಡಿಸಿ ಮುಚ್ಚಿದ ಮೇಲೆ ಅವಳು ದೀಪ ಹಚ್ಚಿದಳು.

ದಿನಾಂಕ 18ರಂದು ಮುಂಜಾನೆ 7-10ಕ್ಕೆ ಸ್ವಚ್ಛತೆ ಕೆಲಸದ ಸ್ವಪ್ನಿಲ್ ಇವನು ಐದು ಲೀಟರಿನ ನಾಲ್ಕು ಡಬ್ಬಿ ಕಪ್ಪು ಫಿನಾಯಿಲ್ ತಂದನು. ಟಾಕಿಯನ್ನು ಅರ್ಧ ಖಾಲಿ ಮಾಡಿ ನಿಂತುಕೊಂಡನು, ಫಿನಾಯಿಲ್ ಸುರಿಯಲಿಲ್ಲ. ಸಾಹೇಬರು ಹೇಳಿದ್ದಾರೆ, ನಾನು ಏನು ಮಾಡಲಿ ಮಾವಶಿ ಎಂದು ನನ್ನನ್ನೇ ಕೇಳಿದನು. 7-40ಕ್ಕೆ ಪ್ರಲ್ಹಾದರು ತಾವೇ ಬಂದು ಎದುರಿಗೆ ನಿಂತು ನಾಲ್ಕೂ ಡಬ್ಬಿ ಸುರಿಸಿದರು. ನಾಳೆ ತಪ್ಪು ಸ್ವಪ್ನಿಲನ ತಲೆಗೆ ಕಟ್ಟುತ್ತಾರೆಂದು ನನಗೆ ಗೊತ್ತಿದೆ, ಆದ್ದರಿಂದ ಈ ಹೊತ್ತನ್ನು ಸರಿಯಾಗಿ ಬರೆಸುತ್ತಿದ್ದೇನೆ.

ಇಂಪನಾ ಅಳಲಿಲ್ಲ. ಅರ್ಜಿಯ ಮೇಲೆ ಕಚೇರಿಯವರು ಮುದ್ರೆ ಒತ್ತಿ ಒಂದು ಪ್ರತಿ ಕೊಟ್ಟಿದ್ದರು, ಅದನ್ನು ಮಡಚಿ ವಹಿಯಲ್ಲಿಟ್ಟುಕೊಂಡು ಟಾಕಿಯ ಮೆಟ್ಟಿಲ ಮೇಲೆ ಕೂತಳು. ಹನ್ನೊಂದು ಗಂಟೆಯವರೆಗೆ, ಜ್ವರದವರ ಪಕ್ಕ ಕೂತ ಹಾಗೆ, ಹತ್ತು ಹತ್ತು ನಿಮಿಷಕ್ಕೆ ಟಾಕಿಯ ಬಿಸಿ ನೋಡಿ ಬರೆದುಕೊಂಡಳು. ನಾನು ಮೂರು ಸಲ ಚಹಾ ಒಯ್ದೆನು, ಮೂರೂ ಸಲ ತಣ್ಣಗಾಯಿತು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ನನ್ನ ಸಾರಿಗೆ ಉಪ್ಪು ಹೆಚ್ಚಾದರೆ ಎಲ್ಲರೆದುರು ಹೇಳುವವಳು, ಕ್ಯಾನಿನ ವಿಷಯ ಕೇಳಿದರೆ ಹೇಳಿಬಿಡುತ್ತಾಳೆ ಎಂದು ನಾನು ಬಾಯಿ ಬಿಡಲಿಲ್ಲ. ಐದು ದಿನ ಅವಳು ಸರಿಯಾಗಿ ಉಣ್ಣದ್ದನ್ನು ನೋಡಿಯೂ ಸುಮ್ಮನಿದ್ದೆನು. ಇಡೀ ಪ್ರಕರಣದಲ್ಲಿ ನನಗೆ ನಾನೇ ಕ್ಷಮಿಸಿಕೊಳ್ಳಲಾಗದ ಸಂಗತಿ ಇದು.

ದಿನಾಂಕ 19ರಂದು ಒಲೆ ಹಳದಿಯಾಗಿ ಉರಿದು, ಮಧ್ಯಾಹ್ನ 1-30ಕ್ಕೆ ಆರಿತು. ಅದನ್ನು ನಾನು ಕಚೇರಿಗೆ ಹೋಗಿ ಹೇಳಿದೆನು. ಯಾರೂ ಬರಲಿಲ್ಲ.

ದಿನಾಂಕ 20ರಂದು 10-35ಕ್ಕೆ ಕಮಿಟಿಯವರು ಬಂದರು. ಟಾಕಿಗೆ ಝೆಂಡು ಹೂವಿನ ಮಾಲೆ ಹಾಕಲಾಗಿತ್ತು. ಕಸದಿಂದ ಇಂಧನ ಮಾಡುವ ನಮ್ಮ ಸಂಸ್ಥೆಯ ಹೆಮ್ಮೆ ಇದು ಎಂದು ಪ್ರಲ್ಹಾದರು ಭಾಷಣ ಮಾಡಿ, ಕಮಿಟಿಯ ಹಿರಿಯರ ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟರು. ಆ ಹಿರಿಯರು ಏಳು ಕಡ್ಡಿ ಗೀರಿದರು. ಏಳನ್ನೂ ನಾನು ಎಣಿಸಿದ್ದೇನೆ. ಒಲೆ ಹೊತ್ತಲಿಲ್ಲ. ಇಲ್ಲಿ ಆಸ್ಪತ್ರೆಯ ವಾಸನೆ ಯಾಕೆ ಬರುತ್ತದೆ ಎಂದು ಒಬ್ಬರು ಕೇಳಿದರು. ಖಾನಾವಳಿಯ ಹೆಂಗಸರು ಹಾಕಬಾರದ್ದನ್ನು ಏನಾದರೂ ಹಾಕಿರಬೇಕು ಎಂದು ಪ್ರಲ್ಹಾದರು ಹೇಳಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡಿಸೆಂಬರ್ 15ಕ್ಕೆ ಮತ್ತೆ ಬಂದು ನೋಡುತ್ತೇವೆ ಎಂದು ಹೇಳಿ ಕಮಿಟಿಯವರು ಊಟಕ್ಕೆ ಹೋದರು. ಆ ಊಟದ ರೊಟ್ಟಿ ಬಡಿದವಳೂ ನಾನೇ.

ದಿನಾಂಕ 21ರಂದು ಇಂಪನಾಳಿಗೆ ನೋಟಿಸು ಬಂತು. ಅವಳ ನಿರ್ಲಕ್ಷ್ಯದಿಂದ ಟಾಕಿ ಕೆಟ್ಟಿದೆ, ಅವಳ ನೋಂದಣಿಯನ್ನು ಯಾಕೆ ರದ್ದು ಮಾಡಬಾರದು ಎಂದು ಏಳು ದಿನದಲ್ಲಿ ಉತ್ತರ ಕೊಡಬೇಕೆಂದು ಅದರಲ್ಲಿ ಇತ್ತು. ದಿನಾಂಕ 22ರಂದು ಗೇಟಿನ ಕ್ಯಾಮೆರಾದಲ್ಲಿ ನಾನು ಕ್ಯಾನು ಒಯ್ದದ್ದು ಕಚೇರಿಯವರಿಗೆ ಸಿಕ್ಕಿತು. ಅಂದೇ 4 ಗಂಟೆಗೆ ನಾನು ಇಂಪನಾಳಿಗೆ ಎಲ್ಲ ಹೇಳಿದೆನು. ಅವಳು ಮೊದಲು ನನ್ನನ್ನು ಬೈದಳು, ಆಮೇಲೆ ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದೀರಿ ಎಂದು ಕೇಳಿದಳು, ಆಮೇಲೆ ಅತ್ತಳು. ದಿನಾಂಕ 23ರಂದು ಮುಂಜಾನೆ 9-05ಕ್ಕೆ ರೇಣು ಫೋನು ಮಾಡಿ, “ಅಕ್ಕಾ, ನೀಲಿ ಉರಿ ಬಂದದ, ಚಾ ಮಾಡೇನಿ” ಎಂದು ತಿಳಿಸಿದಳು. ಫೋನನ್ನು ನಾನು ಇಂಪನಾಳ ಕೈಗೆ ಕೊಟ್ಟೆನು.

ದಿನಾಂಕ 24ರಂದು ಕಚೇರಿಯವರು ಕೇಳಿದಾಗ ಇಂಪನಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಂದೇ ಪ್ರಲ್ಹಾದರು ದೂರು ಕೊಟ್ಟಿದ್ದಾರೆ. ನಾನೂ ಇಂಪನಾಳೂ ಸೇರಿ ಸಂಸ್ಥೆಯ ಅಮೂಲ್ಯ ಸಂಶೋಧನಾ ಸಂಪತ್ತನ್ನು ಕದ್ದೆವು ಎಂದು ಅದರಲ್ಲಿ ಬರೆದಿದ್ದಾರೆ. 18ನೆಯ ತಾರೀಖಿಗೆ ಹೊಲಸು, 24ನೆಯ ತಾರೀಖಿಗೆ ಅಮೂಲ್ಯ ಸಂಪತ್ತು. ಆರು ದಿನದಲ್ಲಿ ಅಷ್ಟು ಬೆಲೆ ಏರುವಂಥದ್ದು ಏನು ಬಂತು ಎಂದು ಅವರನ್ನು ಕರೆಸಿ ಕೇಳಬೇಕು. ಸಂಪತ್ತು ಎಂದು ಗೊತ್ತಿದ್ದರೆ ಇಪ್ಪತ್ತು ಲೀಟರ್ ಫಿನಾಯಿಲ್ ಸುರಿದವರ ಮೇಲೆ ಯಾವ ಕಲಮು ಬೀಳುತ್ತದೆ ಎಂಬುದನ್ನೂ ಬರೆಯಬೇಕು.

ಕ್ಯಾನಿನೊಳಗಿನದನ್ನು ಜಪ್ತಿ ಮಾಡಿ, ಮುದ್ರೆ ಹಾಕಿ ಠಾಣೆಯ ಕೋಣೆಯಲ್ಲಿ ಇಡಬೇಕಾಗಬಹುದು ಎಂದು ಬಸವಪ್ರಭು ಇವರು ಹೇಳಿದರು. ಅದು ಸಾಸವಡದಲ್ಲಿದೆ, ನಾನು ಮುಚ್ಚಿಡುವುದಿಲ್ಲ. ಆದರೆ ಮುದ್ರೆ ಹಾಕಿ ತಣ್ಣನೆಯ ಕೋಣೆಯಲ್ಲಿ ಉಪವಾಸ ಕೆಡವಿದರೆ ಉಳಿದದ್ದೂ ಕೆಡುತ್ತದೆ. ಜಪ್ತಿ ಮಾಡುವುದೇ ಆದರೆ ಮುಂಜಾನೆ 8-15ಕ್ಕೆ ಮತ್ತು ಮಧ್ಯಾಹ್ನ 3 ಗಂಟೆಗೆ ಬೆಚ್ಚನೆಯ ನೀರಲ್ಲಿ ಒಂದೊಂದು ಮುಷ್ಟಿ ಸಿಪ್ಪೆ ಕಲಸಿ ಹಾಕಲು ಒಬ್ಬ ಪೊಲೀಸರನ್ನು ನೇಮಿಸಬೇಕು. ಅವರಿಗೆ ನಾನು ಕಲಿಸುತ್ತೇನೆ.

ಈ ಹೇಳಿಕೆ ಬರೆಯುತ್ತಿರುವಾಗ 12-10ಕ್ಕೆ ಪ್ರಲ್ಹಾದರು ಠಾಣೆಗೆ ಬಂದರು. ಡಿಸೆಂಬರ್ 15ರೊಳಗೆ ಟಾಕಿ ನಡೆಯಬೇಕಾಗಿದೆ, ಕ್ಯಾನು ಸುಮ್ಮನೆ ಕೊಟ್ಟರೆ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನಾಳೆ ಸ್ವಪ್ನಿಲನನ್ನು ಟೆಂಪೊ ಕೊಟ್ಟು ಕಳಿಸುತ್ತೇನೆ ಎಂದು ಹವಾಲ್ದಾರರ ಎದುರಿಗೆ ಹೇಳಿದರು. ಇಂಪನಾಳ ನೋಟಿಸಿನ ಮಾತು ಎತ್ತಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ, ಇವರಿಗೆ ಕೆಟ್ಟ ಮೇಲೂ ಬಂದಿಲ್ಲ. ನಾನು ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಸುತ್ತೇನೆ. ಹೆಪ್ಪಿಗೆ ಇಲ್ಲ ಎನ್ನುವ ಪದ್ಧತಿ ನಮ್ಮಲ್ಲಿ ಇಲ್ಲ, ನಿಮಗೂ ಇಲ್ಲ ಎನ್ನುವುದಿಲ್ಲ. ಆದರೆ ಹೆಪ್ಪು ಕೇಳಲು ಯಾರೂ ಪೊಲೀಸರನ್ನು ಕಳಿಸುವುದಿಲ್ಲ, ಆಳನ್ನೂ ಕಳಿಸುವುದಿಲ್ಲ. ಯಾರ ಕೈಯಿಂದ ಕೆಟ್ಟಿತೋ ಅವರೇ ಪಾತ್ರೆ ಹಿಡಿದು, ದೀಪ ಹಚ್ಚುವ ಮೊದಲು ಬರಬೇಕು. ಬಂದು ಕೇಳಬೇಕಾದದ್ದು ನನ್ನನ್ನಲ್ಲ, ಇಂಪನಾಳನ್ನು.

ನಾನು ಹೇಳಿದ್ದನ್ನು ಬರೆದು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದ ಹಾಗೆಯೇ ಇದೆ. ಎರಡನೆಯ ಪುಟದಲ್ಲಿ ‘ಎರಡು ಕ್ಯಾನು ಹೊಲಸು ನೀರು’ ಎಂದು ಬಿದ್ದಿತ್ತು. ಅದನ್ನು ಹೊಡೆದುಹಾಕಿಸಿ ‘ಹೆಪ್ಪು’ ಎಂದು ಬರೆಸಿದ್ದೇನೆ. ತಿದ್ದಿದ ಜಾಗದಲ್ಲಿ ಇಬ್ಬರೂ ಸಹಿ ಮಾಡಿದ್ದೇವೆ. ಈಗ ಹೊತ್ತು 2-20. ಮೂರಕ್ಕೆ ಉಣಿಸುವುದನ್ನು ಮರೆಯಬೇಡ ಎಂದು ರೇಣುವಿಗೆ ಫೋನು ಮಾಡಬೇಕಾಗಿದೆ, ನನ್ನನ್ನು ಅಷ್ಟರೊಳಗೆ ಬಿಡಬೇಕು.

ಸ್ಥಳ: ಯೆರವಡಾ, ಪುಣೆ
ದಿನಾಂಕ: 25-11-2025
ಸಹಿ: ರುದ್ರವ್ವ ಕಾಶಪ್ಪ ಮೇಟಿ
ಬರೆದುಕೊಂಡವರು: ಬಸವಪ್ರಭು, ಹವಾಲ್ದಾರ