ಬಿಚ್ಚಿದ ಮೇಲೂ ಭಾರವಿದ್ದ ಹಗ್ಗ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಕತೆ ಹೇಳಲು ಬರುವುದಿಲ್ಲ, ಬರೆಯುವುದಂತೂ ಇದೇ ಮೊದಲು. ಸುಮ್ಮನಿರಬೇಕಾದ ಕಡೆ ಬಿಡಿಸಿ ಬಿಡಿಸಿ ಹೇಳುತ್ತೇನೆ, ಹೆದರಿಸಬೇಕಾದ ಕಡೆ ಸಪ್ಪಗಾಗುತ್ತೇನೆ. ಆದರೆ ಇದು ನಡೆದದ್ದು. ನಮ್ಮ ಪಕ್ಕದ ಮನೆಯ ನವೀದನಿಗೆ ನಡೆದದ್ದು.

ಅವನು ನನಗೆ ಹೇಳಿದ್ದು ಇಳಕಲ್‌ನಲ್ಲಿ, ರಾತ್ರಿ. ಕೊನೆಯ ಬಸ್ಸಿಗೆ ಇಬ್ಬರೂ ಬಾಗಲಕೋಟೆಯಿಂದ ಬಂದು ಇಳಿದಿದ್ದೆವು. ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ಬರುವ ದಾರಿಯಲ್ಲಿ ಒಂದು ಹಳೆಯ ಬಾವಿ ಇದೆ. ಈಗ ಯಾರೂ ಅದರ ನೀರು ಸೇದುವುದಿಲ್ಲ. ಗಡಗಡೆ ಮಾತ್ರ ಇದೆ, ಅದರ ಮೇಲೊಂದು ಹಗ್ಗವೂ ಇದೆ. ಆ ರಾತ್ರಿ ಗಾಳಿಗೆ ಗಡಗಡೆ ಕಿರ್... ಕಿರ್... ಅನ್ನುತ್ತಿತ್ತು. ನವೀದ ನಿಂತುಬಿಟ್ಟ.

“ಯಾಕೋ?”

“ಆ ಹಗ್ಗದ ತುದೀಗೆ ಏನರ ಐತೇನ ನೋಡು.”

“ಏನೂ ಇಲ್ಲಲೇ. ಬರೇ ಹಗ್ಗ.”

“ಬರೇ ಹಗ್ಗ ಅಂತ ಹೆಂಗ ಹೇಳ್ತಿ? ಹಿಡದ ನೋಡಿದೇನು?”

ನಾನು ನಕ್ಕೆ. ಅವನು ನಗಲಿಲ್ಲ. ಆಮೇಲೆ ಅಲ್ಲೇ ನಿಂತು, ಪಿಸುಮಾತಿನಲ್ಲಿ, ಇದನ್ನೆಲ್ಲ ಹೇಳಿದ. ಹೆದರಿದವನ ಹಾಗೆ ಅಲ್ಲ. ಯಾವ ಬಸ್ಸು ಎಷ್ಟಕ್ಕೆ ಬರುತ್ತದೆ ಅಂತ ಹೇಳುವವನ ಹಾಗೆ.

ಸ್ವಲ್ಪ ಹಿನ್ನೆಲೆ ಹೇಳಬೇಕು. ಬಾದಾಮಿಯ ಕೆಂಪು ಬಂಡೆಗಳನ್ನು ಹತ್ತಲಿಕ್ಕೆಂದೇ ಎಲ್ಲೆಲ್ಲಿಂದಲೋ ಮಂದಿ ಬರುತ್ತಾರೆ. ಬರೀ ನೋಡಲಿಕ್ಕಲ್ಲ, ಹಗ್ಗ ಕಟ್ಟಿಕೊಂಡು ಹತ್ತಲಿಕ್ಕೆ. ನವೀದ ಮತ್ತು ಅವನ ಗೆಳೆಯ ಅಯೂಬ ಅಂಥವರನ್ನು ಕರೆದುಕೊಂಡು ಹೋಗುವ ಕೆಲಸ ಮಾಡುತ್ತಾರೆ. ಗುಡ್ಡದ ಹಿಂದಿನ ಸಣ್ಣ ಸಣ್ಣ ಹಳ್ಳಿಗಳಿಗೆ ನಡೆಸಿಕೊಂಡು ಹೋಗುವುದು, ಯಾರದಾದರೂ ಮನೆಯಲ್ಲಿ ರೊಟ್ಟಿ ಊಟ ಹಾಕಿಸುವುದು, ಬಂಡೆ ಹತ್ತಿಸುವುದು, ಹೊತ್ತು ಮುಳುಗುವುದರೊಳಗೆ ವಾಪಸು ತರುವುದು.

ನವೀದನ ತಂಗಿ ಸಾಜಿಯಾಳನ್ನು ಅಯೂಬನಿಗೆ ಕೊಡುವುದೆಂದು ಮಾತಾಗಿತ್ತು. ಇದನ್ನು ನೆನಪಿಡಿ. ಸಾಜಿಯಾ ಅಣ್ಣನಿಗೆ ಹೇಳಿದ್ದು ಒಂದೇ ಮಾತು: “ಅವರ ಹತ್ತೋದು ಬಿಡಸಾಕ ನನ್ನ ಕೈಲೆ ಆಗಂಗಿಲ್ಲ. ಹಗ್ಗ ಮಾತ್ರ ನೀನ ಹಿಡೀಬೇಕು.”

ಹಗ್ಗ ಹಿಡಿಯುವುದು ಅಂದರೆ ಏನು ಅಂತಲೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಂಡೆಯ ನೆತ್ತಿಯಲ್ಲಿ ಒಂದು ಕಬ್ಬಿಣದ ಬಳೆ ಬಡಿದಿರುತ್ತಾರೆ. ಹಗ್ಗ ಅದರೊಳಗಿಂದ ಹಾಯ್ದು ಎರಡೂ ಕಡೆ ಕೆಳಗೆ ಬರುತ್ತದೆ. ಒಂದು ತುದಿ ಹತ್ತುವವನ ಸೊಂಟಕ್ಕೆ. ಇನ್ನೊಂದು ಕಡೆ ಕೆಳಗೆ ನಿಂತವನ ಕೈಯಲ್ಲಿ. ಮೇಲಿನವನು ಜಾರಿದರೆ ಕೆಳಗಿನವನು ತಡೆಯಬೇಕು. ಮೇಲೆ ತಲುಪಿದವನು ಹಗ್ಗ ಬಿಚ್ಚಿ, ಹಿಂದಿನ ಕಾಲುದಾರಿಯಿಂದ ನಡೆದು ಇಳಿಯುವುದೂ ಉಂಟು. ಆಗ ಅವನು ಮೇಲಿಂದ “ಬಿಚ್ಚೇನಿ!” ಅಂತ ಕೂಗಬೇಕು. ಆ ಮಾತು ಕಿವಿಗೆ ಬೀಳುವ ತನಕ ಕೆಳಗಿನವನು ಬಿಡುವ ಹಾಗಿಲ್ಲ. ಮಳೆ ಬರಲಿ, ಹಾವು ಬರಲಿ, ಬಿಡುವ ಹಾಗಿಲ್ಲ.

ಆ ದಿನ ಅವರು ಹೋಗಿದ್ದು ಹತ್ತಿಪ್ಪತ್ತು ಮನೆಗಳ ಒಂದು ಹಳ್ಳಿಗೆ. ಹೆಸರು ಬೇಡ, ಅಲ್ಲಿಯವರಿಗೆ ಬೇಸರವಾದೀತು. ಊರ ಹಿಂದೆ ಒಂದು ಎತ್ತರದ ಬಂಡೆ. ಹಿಂದೆ ಆ ಊರವರು ಅದೇ ಬಂಡೆಯಿಂದ ಹಗ್ಗ ಬಿಟ್ಟುಕೊಂಡು ಹೆಜ್ಜೇನು ಕೀಳುತ್ತಿದ್ದರಂತೆ. ಮಧ್ಯಾಹ್ನ ಇವರು ಹಗ್ಗ ಹಾಕುವಾಗ ದುರ್ಗಪ್ಪ ಎಂಬ ಮುದುಕ ಬಂದು ನಿಂತ. ನವೀದನನ್ನು ನೋಡಿ ಕೇಳಿದ:

“ಹಗ್ಗ ಹಿಡಿಯಾಂವ ನೀ ಏನು? ಅಂವಗ ನೀ ಏನಾಗಬೇಕು?”

“ದೋಸ್ತ್ ರೀ.”

“ದೋಸ್ತಗ ಕೊಡಬಾರದು ಹಗ್ಗ. ಹೇಣ್ತಿ ಒಡಹುಟ್ಟಿದಾಂವ ಹಿಡೀಬೇಕು. ಅಂವಾ ಬಿಡಂಗಿಲ್ಲ. ಅಕ್ಕತಂಗೇರ ಮುಖಾ ನೋಡಬೇಕಲ್ಲ, ಅದಕ್ಕ.”

ಅಯೂಬ ನಕ್ಕ. “ಅಜ್ಜಾ, ಇವರ ತಂಗೀನ ನನಗ ಕೊಡವ್ರು ಅದಾರು. ಆದ್ರ ಲಗ್ನ ಆದ ಮ್ಯಾಲೆ ನೋಡು, ತಂಗೀ ದೂರು ಕೇಳಿ ಕೇಳಿ ಇಂವಾ ತಾನ ಬಿಟ್ಟಬಿಡ್ತಾನ.”

“ಬಾಯಿ ಮುಚ್ಚಲೇ, ಇಲ್ಲಾಂದ್ರ ಇವತ್ತ ಬಿಡ್ತೇನಿ,” ಅಂದ ನವೀದ.

ದುರ್ಗಪ್ಪ ನಗಲಿಲ್ಲ. “ಕೊಡವ್ರು ಅದಾರು ಅಂದ್ರ ಇನ್ನೂ ಆಗಿಲ್ಲ. ಹತ್ರಿ ಬೇಕಾದ್ರ. ಹೊತ್ತು ಮುಣುಗಿದ ಮ್ಯಾಲೆ ಹಗ್ಗ ಇರಬಾರದು ಅಲ್ಲಿ,” ಅಂದು ಹೋದ.

ಸಂಜೆ, ಹತ್ತಲು ಬಂದವರನ್ನೆಲ್ಲ ಜೀಪಿಗೆ ಹತ್ತಿಸಿ ಕಳಿಸಿದರು. ಹಗ್ಗ ಇಳಿಸಬೇಕಿತ್ತು. ಇಳಿಸಲಿಲ್ಲ. ಅಯೂಬ ದಿನವಿಡೀ ಬೇರೆಯವರನ್ನು ಹತ್ತಿಸಿದ್ದ, ತಾನು ಹತ್ತಿರಲಿಲ್ಲ. “ಒಂದ ಸಲ, ಲಗೂನ,” ಅಂದ. ನವೀದ ಹಗ್ಗ ಹಿಡಿದ. ತಪ್ಪು ಅಂದರೆ ಇದೇ ತಪ್ಪು.

ಅಯೂಬ ಹತ್ತಿದ. ಬೆರಳು ಬಂಡೆಗೆ ಉಜ್ಜುವ ಸಪ್ಪಳ ಕೇಳುತ್ತಿತ್ತು... ಸರಕ್... ಸರಕ್. ಅರ್ಧಕ್ಕೆ ಹೋಗುವುದರೊಳಗೆ ಕತ್ತಲಾಯಿತು. ನೆತ್ತಿಯ ಹತ್ತಿರ ಬಂಡೆ ಹೊರಗೆ ಚಾಚಿದೆ, ಅಲ್ಲಿಗೆ ಹೋದವನು ಕೆಳಗಿನವನಿಗೆ ಕಾಣುವುದಿಲ್ಲ. ಸಪ್ಪಳ ನಿಂತಿತು. ಗಾಳಿ ಮಾತ್ರ. ನವೀದ ಕಾದ. “ಬಿಚ್ಚೇನಿ” ಬರಲಿಲ್ಲ.

ಆಮೇಲೆ ಹಗ್ಗ ಬಿಗಿಯಾಯಿತು. ಒಮ್ಮೆಲೆ ಅಲ್ಲ. ಯಾರೋ ಮೆಲ್ಲಗೆ ಕೂತ ಹಾಗೆ.

ಮೇಲಿಂದ ಕರ್ಕಶವಾದ ದನಿ. “ಹಿಡದೀ ಏನೋ?”

“ಹಿಡದೇನಿ,” ಅಂದ ನವೀದ.

ಹಿಂದಿನಿಂದ ಅವನ ಹೆಗಲ ಮೇಲೆ ಕೈ ಬಿತ್ತು.

“ಯಾರ ಕೂಡ ಮಾತಾಡಾಕತ್ತೀಲೇ?”

ನವೀದ ತಿರುಗಿ ನೋಡಿದ. ಅಯೂಬ. ಕಾಲುದಾರಿಯಿಂದ ಇಳಿದು ಬಂದು ನಿಂತಿದ್ದ.

“ಬಿಡೋ ಹಗ್ಗ, ಹೋಗೂಣು. ಬಿಚ್ಚೇನಿ ಅಂತ ಒದರಿದ್ನೆಲ್ಲ, ಗಾಳಿಗೆ ಕೇಳಿಲ್ಲೇನು?”

“ಕೇಳಿಲ್ಲ.”

“ಈಗ ಹೇಳಾಕತ್ತೇನಿ. ಬಿಚ್ಚೇನಿ. ಬಿಡು.”

ನವೀದ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಅಂತ ವಿವರಿಸುತ್ತೇನೆ. ಅಯೂಬ ಬಿಚ್ಚಿದ್ದರೆ ಹಗ್ಗದ ಆ ತುದಿ ನೆತ್ತಿಯ ಮೇಲೆ ಸುಮ್ಮನೆ ಬಿದ್ದಿರಬೇಕು. ಕೆಳಗಿಂದ ಎಳೆದರೆ ಸರ್ರನೆ ಬಂದುಬಿಡಬೇಕು. ಬರುತ್ತಿರಲಿಲ್ಲ. ಮೇಲೆ ಮನುಷ್ಯನ ಭಾರ ಇತ್ತು. ಬರೀ ಮನುಷ್ಯನ ಭಾರವೂ ಅಲ್ಲ. ವರ್ಷಗಟ್ಟಲೆ ಹಿಡಿದ ಭಾರ, ನವೀದನಿಗೆ ಗುರುತಿಲ್ಲದೆ ಇರುತ್ತದೆಯೇ? ಅವನು ನನಗೆ ಹೇಳಿದ್ದು ಹೀಗೆ: “ಬ್ಯಾಟ್ರಿ ಹಾಕಿ ನೋಡಿದ್ರ ಮುಖಾ ಅಯೂಬಂದು. ಹಗ್ಗ ಹಿಡದ್ರ ಭಾರಾನೂ ಅಯೂಬಂದು. ಯಾವದನ್ನ ನಂಬ್ಲಿ?”

ಮುಖವನ್ನು ನಂಬಿ ಬಿಟ್ಟರೆ, ಮೇಲಿರುವವನೇ ಅಯೂಬನಾಗಿದ್ದರೆ, ಸತ್ತ. ಆಮೇಲೆ ಮನೆಗೆ ಹೋಗಿ ಸಾಜಿಯಾಳ ಎದುರು ನಿಲ್ಲಬೇಕು.

“ನೀ ಅಯೂಬ ಅಲ್ಲ,” ಅಂದ ನವೀದ.

“ಹುಚ್ಚ ಹಿಡೀತೇನ ನಿನಗ? ನಾ ಅಲ್ಲಂದ್ರ ಮತ್ಯಾರು?”

“ಮ್ಯಾಲೆ ಒಬ್ಬಾಂವ ಅದಾನ. ಅಂವಾ ಹೇಳಲಿ, ಬಿಡ್ತೇನಿ.”

ಅಯೂಬ ನಗಲು ಹೋದ. ಅಷ್ಟರಲ್ಲಿ ಮೇಲಿಂದ ಅದೇ ದನಿ ಬಂತು... “ಬಿಡಬ್ಯಾಡೋ...” ಅಯೂಬನೂ ಕೇಳಿದ. ಅವನ ನಗು ಬಾಯಲ್ಲೇ ಉಳಿಯಿತು. ಹಗ್ಗವನ್ನು ಒಂದು ಬೆರಳಿನಿಂದ ಮುಟ್ಟಿದ. ವೀಣೆಯ ತಂತಿಯ ಹಾಗೆ ಬಿಗಿದಿತ್ತು. ಊರ ಕಡೆ ಓಡಿದ.

ನವೀದ ಒಬ್ಬನೇ ನಿಂತ. ಹೆದರಿಕೆ ಬರಲಿಲ್ಲವಂತೆ. ಮೊದಲು ಕೈ ಜೋಮು ಹಿಡಿಯಿತು, ಆಮೇಲೆ ತೋಳು, ಆಮೇಲೆ ತಲೆಯೂ ಜೋಮು ಹಿಡಿದ ಹಾಗಾಯಿತು. ಏನು ಯೋಚನೆ ಮಾಡಿದೆ ಅಂತ ಕೇಳಿದೆ. ಏನೂ ಇಲ್ಲ ಅಂದ. ಮೇಲಿನ ದನಿ ನಡುನಡುವೆ “ಹಿಡದೀ ಏನೋ?” ಅನ್ನುವುದು, ಇವನು “ಹಿಡದೇನಿ” ಅನ್ನುವುದು. ಅಷ್ಟೇ. ಸಣ್ಣ ಸಣ್ಣ ಹರಳು ಉದುರುತ್ತಿದ್ದವು... ಟಿಕ್... ಟಿಕ್.

ದುರ್ಗಪ್ಪ ಬಂದ. ಹಿಂದೆ ಅಯೂಬ. ಮುದುಕ ಕತ್ತೆತ್ತಿ ಮೇಲೆ ನೋಡಿದ, ಹೆಗಲ ಮೇಲಿನ ಟವೆಲ್ ತೆಗೆದು ಅಂಗೈಗೆ ಸುತ್ತಿಕೊಂಡ.

“ಕೊಡು.”

“ಅಜ್ಜಾ, ಬ್ಯಾಡ. ಮ್ಯಾಲಿನಾಂವ ಅಯೂಬ ಇದ್ರ ನಮ್ಮ ತಂಗೀಗೆ ನಾ ಏನ ಹೇಳ್ಲಿ?”

“ಅಂವಾ ನಿಮ್ಮಾಂವ ಅಲ್ಲೋ ತಮ್ಮಾ. ನಮ್ಮಾಂವ. ನಮ್ಮಕ್ಕನ ಗಂಡ.”

ಆಮೇಲೆ ಅಲ್ಲೇ ನಿಂತು, ಮೆಲ್ಲಗೆ, ಹೇಳಿದ. “ಆವತ್ತು ನಾ ಹಿಡೀಬೇಕಾಗಿತ್ತು. ನಾ ಇಳಕಲ್ ಸಂತಿಗೆ ಹೋಗಿದ್ದೆ. ಬ್ಯಾರೆದಾಂವ ಹಿಡದಿದ್ದ. ಜೇನು ಕೀಳುವಾಗ ಹುಳ ಎದ್ದು ಕಡದ್ವು. ಬಿಟ್ಟ. ನಾ ಬರೋದ್ರಾಗ ಇಲ್ಲಿ, ಈಗ ನೀ ನಿಂತೀಯಲ್ಲ, ಇಲ್ಲೇ ಬಿದ್ದಿದ್ರು. ಮಣ್ಣು ಕೊಟ್ಟವ ನಾನ.”

ನವೀದ ಅಯೂಬನ ಮುಖ ನೋಡಿದ. ಅಯೂಬ ಅಳುತ್ತಿದ್ದ. ಇಷ್ಟು ವರ್ಷದಲ್ಲಿ ಅವನು ಅತ್ತದ್ದನ್ನು ನವೀದ ನೋಡಿರಲಿಲ್ಲ. ಹಗ್ಗ ಕೊಟ್ಟ.

ದುರ್ಗಪ್ಪ ಹಗ್ಗವನ್ನು ಸೊಂಟದ ಸುತ್ತ ಒಂದು ಸುತ್ತು ತಂದು, ಕಾಲು ಊರಿ ನಿಂತ. ಮೇಲಿನ ದನಿ ಮತ್ತೆ ಕೇಳಿತು. “ಹಿಡದೀ ಏನೋ?”

“ಹಿಡದೇನ್ರಿ ಮಾವಾ,” ಅಂದ ದುರ್ಗಪ್ಪ. ಅಕ್ಕನ ಗಂಡನನ್ನು ಅವರಲ್ಲಿ ಮಾವ ಅಂತಲೇ ಕರೆಯುವುದು. “ಬಂದೇನ್ರಿ. ತಡಾ ಆತು. ಇಳೀರಿ.”

ಹಗ್ಗ ಬಿಡತೊಡಗಿದ. ಸ್ವಲ್ಪ ಸ್ವಲ್ಪ. ಸರ್... ಸರ್... ಬಂಡೆಗೆ ಬರಿಗಾಲು ಊರುವ ಸಪ್ಪಳ ಕೇಳಿಸಿತು. ಥಪ್. ತಡೆದು, ಮತ್ತೆ ಥಪ್. ಅಯೂಬ ಬ್ಯಾಟರಿ ಎತ್ತಿದ. “ಬೆಳಕ ಬಿಡಬ್ಯಾಡ,” ಅಂದ ಮುದುಕ. ಆರಿಸಿದ. ಸಪ್ಪಳ ಕೆಳಗೆ ಬಂತು, ಅವರೆದುರಿಗೇ ಬಂತು, ಹೊಗೆಯ ವಾಸನೆ ಬಂತು. ಹೆಜ್ಜೇನು ಓಡಿಸಲು ಹಸಿ ಸೊಪ್ಪು ಸುಟ್ಟರೆ ಬರುವಂಥದ್ದು. ಆಮೇಲೆ ಹಗ್ಗ ಸಡಿಲಾಯಿತು. ಒಣ ಹುಲ್ಲಿನ ಮೇಲೆ ಹೆಜ್ಜೆ ಸಪ್ಪಳ... ಚರ್... ಚರ್... ಊರ ಕಡೆ ಹೋಯಿತು.

ಎಳೆದರು. ಹಗ್ಗ ಸುಮ್ಮನೆ ಕೆಳಗೆ ಬಂದು ಬಿತ್ತು. ನವೀದ ಸುತ್ತಿ ಚೀಲಕ್ಕೆ ಹಾಕಿದ. ಮೂವರೂ ಊರ ಕಡೆ ನಡೆದರು.

ಊರ ಮೊದಲ ಮನೆಯೇ ದುರ್ಗಪ್ಪನ ಅಕ್ಕನದು. ಆಕೆ ಅಲ್ಲಿ ಒಬ್ಬಳೇ ಇರುವುದು. ಮಕ್ಕಳಿಲ್ಲ. ಅಯೂಬ ಓಡಿ ಬಂದು ಕರೆದದ್ದು ದುರ್ಗಪ್ಪನನ್ನು, ಊರಿನ ಇನ್ನೊಂದು ತುದಿಯಲ್ಲಿ. ಆಕೆಗೆ ಯಾರೂ ಏನೂ ಹೇಳಿರಲಿಲ್ಲ. ಆ ಹೊತ್ತಿನಲ್ಲಿ ಆಕೆ ಅಂಗಳದಲ್ಲಿ ಕೂತು, ಬೂದಿ ಹಚ್ಚಿ, ಉಂಡ ಎರಡು ಊಟದ ಗಂಗಾಳ ತೊಳೆಯುತ್ತಿದ್ದಳು. ಇವರನ್ನು ನೋಡಿ ಬಾಯಿಗೆ ಬೆರಳಿಟ್ಟಳು.

“ಸಪ್ಪಳ ಮಾಡಬ್ಯಾಡ್ರಿ. ಈಗ ಮಲಕೊಂಡಾರ.”

ದುರ್ಗಪ್ಪ “ಹೂಂ” ಅಂದು, ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ದಾಟಿದ. ಇವರಿಬ್ಬರೂ ಹಾಗೇ ದಾಟಿದರು.

ಇದು ಖರೆ. ಅಯೂಬನನ್ನು ಬೇರೆಯಾಗಿ ಕರೆದು ಕೇಳಿದ್ದೇನೆ, ಅವನೂ ಇದನ್ನೇ ಹೇಳಿದ. ಮುದುಕಿಗೆ ಅರಳುಮರಳು, ದಿನಾ ಎರಡು ಗಂಗಾಳ ತೊಳೆಯುತ್ತಿರಬೇಕು ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಹಾಗಲ್ಲ, ಯಾಕೆಂದರೆ ಅವರು ದಾಟುವಾಗ ಆ ಮನೆಯ ಬಾಗಿಲು ತೆರೆದಿತ್ತು. ಒಳಗೆ ದೀಪ ಇರಲಿಲ್ಲ. ಆ ಕತ್ತಲೊಳಗಿಂದ ಗೊರಕೆ ಕೇಳುತ್ತಿತ್ತು. ದೊಡ್ಡದಲ್ಲ. ಬಹಳ ದಣಿದು ಮಲಗಿದವರದು ಇರುತ್ತದಲ್ಲ, ಗುರ್... ಅಂತ ಬಂದು, ನಿಂತು, ಉಸಿರು ಬಿಟ್ಟು, ಮತ್ತೆ... ತಡೆಯಿರಿ, ಒಳಗಿಂದ ನನ್ನ ಹೆಂಡತಿ ಶುಭದಾ ಕರೆಯುತ್ತಿದ್ದಾಳೆ. ಬಂದೆ! ಗೊರಕೆ ಯಾರದು ಅಂತ ನಾನು ಹೇಳುತ್ತಿಲ್ಲ. ಕೇಳಿದ್ದು ಮಾತ್ರ ಮೂವರೂ, ಮತ್ತು ಅದು ಪಕ್ಕದ ಮನೆಯದಿರಲಿಕ್ಕಿಲ್ಲ, ಯಾಕೆಂದರೆ ಆ ಕಡೆ ಪಕ್ಕದಲ್ಲಿ ಮನೆಯೇ ಇಲ್ಲ.