ಹುಲಿಗವ್ವನ ಅರವತ್ನಾಲ್ಕನೇ ಹಾಡು

ಮರಳಿ ಅನ್ನುವ ಊರಿನ ಕ್ರಾಸಿನಲ್ಲಿ ಬಸ್ಸಿಳಿದು ಕಾಲುವೆ ದಂಡೆ ಹಿಡಿದಾಗ ರಾತ್ರಿ ಒಂಬತ್ತು ದಾಟಿತ್ತು. ನಮ್ಮ ಸೋದರಮಾವನ ಮಗಳು ಸುರೇಖಾ ಒಬ್ಬಳೇ. ಮುಂದೆ ಹಳೇ ಬಾವಿ, ಅದರಾಚೆ ಮನೆ. ದೆವ್ವಗಿವ್ವ ಅಂದರೆ ನಗುವ ಹುಡುಗಿ ಅವಳು. ಶ್ರೀರಾಮನಗರದಲ್ಲಿ ಮೊಬೈಲ್ ಅಂಗಡಿ ಇಟ್ಟು, ಟ್ರ್ಯಾಕ್ಟರಿನವರ ಪೆನ್‌ಡ್ರೈವಿಗೆ ಹಾಡು ತುಂಬಿಕೊಡುವವಳಿಗೆ ಕತ್ತಲೆಗಿಂತ ವೈರಸ್ಸಿನ ಹೆದರಿಕೆ ಜಾಸ್ತಿ.

ಅಂದು ಬೆಳಿಗ್ಗೆ ಅಂಗಡಿಗೆ ದ್ಯಾವಪ್ಪ ಅನ್ನುವವನು ಒಂದು ಮೆಮೊರಿ ಕಾರ್ಡು ತಂದಿದ್ದ. ಅವನ ತಾಯಿ ಹುಲಿಗವ್ವ ಸುತ್ತಲಿನ ಮದುವೆಗಳಲ್ಲಿ ಸೋಬಾನ ಹಾಡಿದವಳು. ಸತ್ತವರ ಮುಂದೆ ಕೂತು ಹಾಡಿ ಹಾಡಿ ಅತ್ತವಳೂ ಅವಳೇ. ಅಷ್ಟನ್ನೂ ಮಗ ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಅರವತ್ನಾಲ್ಕು ಹಾಡು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು.

"ಎರಡು ಫೋಲ್ಡರ್ ಮಾಡವ್ವ ತಂಗಿ. ಸೋಬಾನ ಬ್ಯಾರೆ, ಸಾವಿನವು ಬ್ಯಾರೆ. ಕಲಸಬ್ಯಾಡ."

"ಕೇಳಿದ್ರ ತಿಳಿತೈತಿ ಬಿಡಣ್ಣ."

"ತಿಳಿಯಂಗಿಲ್ಲ. ಧಾಟಿ ಒಂದ ಐತಿ. ಎರಡಕ್ಕೂ ಮೊದಲು ಹೆಸರು ಕೇಳ್ತಿದ್ಲು." ದ್ಯಾವಪ್ಪ ಕಾರ್ಡನ್ನು ಅವಳ ಕೈಗಿಟ್ಟ. "ಊರಿಗೆಲ್ಲಾ ಹಾಡಿದಾಕಿ... ಲಾಕ್‌ಡೌನ್‌ನ್ಯಾಗ ಹೋದ್ಲು. ಹೆಣದ ಮುಂದ ಕುಂತು ಆಕಿಗೆ ಒಬ್ರೂ ಹಾಡ್ಲಿಲ್ಲ."

ಸುರೇಖಾ ಕಾರ್ಡನ್ನು ತನ್ನ ಮೊಬೈಲಿಗೇ ಹಾಕಿಕೊಂಡು, ಮಾತು ಕೇಳಿ ಕೇಳಿ ಅರವತ್ಮೂರು ವಿಂಗಡಿಸಿದ್ದಳು. ಸೋಬಾನದಲ್ಲಿ ಛಲೋ ಇದ್ದವನ್ನು ಆರಿಸಿ "ಮೇಘಾ ಮದುವಿ" ಅಂತ ಪ್ಲೇಲಿಸ್ಟೂ ಕಟ್ಟಿದ್ದಳು. ತಂಗಿ ಮೇಘಾಳ ಮದುವೆಗೆ ನಾಲ್ಕೇ ದಿನ. ಉಳಿದದ್ದು ಒಂದು. ನಡೆಯುತ್ತಲೇ ಕೇಳಿದರಾಯಿತು ಅಂತ ಇಯರ್‌ಫೋನ್ ಸಿಕ್ಕಿಸಿದಳು.

ಚರ್ರ್... ಠಣ್. ತಂಬಿಗೆ ನೆಲಕ್ಕಿಟ್ಟ ಸದ್ದು. ಮುದುಕಿ ಗಂಟಲು ಸರಿಮಾಡಿಕೊಂಡಳು.

"ಯಾರ ಹೆಸರ್ಲೆ ಹಾಡ್ಲಿ, ಯವ್ವಾ?"

ಬೇರೆ ಹಾಡುಗಳಲ್ಲಿ ಯಾರಾದರೊಬ್ಬರು ಹೆಸರು ಹೇಳುತ್ತಿದ್ದರು. ಇದರಲ್ಲಿ ಯಾರೂ ಹೇಳಲಿಲ್ಲ. ಬರೀ ಚರ್ರ್... ಸುರೇಖಾ ನಕ್ಕು, ತಾನೇ ಅಂದಳು:

"ಮೇಘಾನ ಹೆಸರ್ಲೆ ಹಾಡು, ಆಯಿ."

"ಬೀಗರು ಬಂದಾರ, ಏಳ ನನ್ನ ಮೇಘಾ..."

ಸುರೇಖಾಳ ಕಾಲು ನಿಂತವು.

"ಎಬ್ಬಿಸಿದರೂ ಏಳವಲ್ಲ್ಯಾಕ, ನನ್ನ ಮೇಘಾ..."

ಸೋಬಾನವಲ್ಲ ಅದು.

ಫೋನ್ ಗುರ್ರ್ ಅಂತು. ಅವ್ವ. "ಲಗೂ ಬಾ ಸುರೇಖಾ... ಅರಿಷಿಣ ಹಚ್ಚಿದ ಮ್ಯಾಲೆ ಹುಡುಗಿ ಹಂಗ ಅಡ್ಡಾತು. ಎಬ್ಬಿಸಿದ್ರ ಏಳವಲ್ದು... ಮೈ ತಣ್ಣಗ ಐತಿ..."

ಮಾತು ಕಡಿಯಿತು. ಹಾಡು ತಾನಾಗಿಯೇ ಮುಂದುವರಿಯಿತು. ನಿಲ್ಲಿಸಲು ಒತ್ತಿದಳು. ನಿಲ್ಲಲಿಲ್ಲ. ಅಳಿಸಿದಳು. ನಿಲ್ಲಲಿಲ್ಲ. ಇಯರ್‌ಫೋನ್ ಕಿತ್ತಳು... ಈಗ ದನಿ ಬಾವಿಯೊಳಗಿಂದ. ಕಲ್ಲಿಗೆ ಬಡಿದು, ನೀರಿಗೆ ಬಡಿದು, ಎರಡೆರಡು ಸಲ. ಮೇಘಾ... ಮೇಘಾ...

ಓಡಿದರೂ ಮನೆಗೆ ಹತ್ತು ನಿಮಿಷ. ಮೊಬೈಲ್ ನೋಡಿದಳು. ಹಾಡು ಮುಗಿಯಲು ಎರಡು.

ಬಾವಿಯ ಕಡೆ ತಿರುಗಿ ಪಿಸುಗುಟ್ಟಿದಳು. "ಆಯಿ... ಹೆಸರು ತಪ್ಪಿ ಹೇಳೀನಿ."

ಹಾಡು ನಿಂತಿತು. ಠಣ್.

"ಹಂಗಾರ... ಯಾರ ಹೆಸರ್ಲೆ?"

ತನ್ನ ಹೆಸರೇ ನಾಲಿಗೆ ತುದಿಗೆ ಬಂದಿತ್ತು. ಆಗ ದ್ಯಾವಪ್ಪನ ಮಾತು ನೆನಪಾಯಿತು.

"ನಿನ್ನ ಹೆಸರ್ಲೆ, ಹುಲಿಗವ್ವಾಯಿ. ನಿನಗ ಯಾರೂ ಹಾಡಿಲ್ಲ."

ಕಪ್ಪೆಗಳ ವಟವಟ ಕೂಡ ನಿಂತಿತು. ಆಮೇಲೆ ಬಾವಿಯ ತಳದಲ್ಲಿ ಯಾರೋ ಉಸಿರೆಳೆದುಕೊಂಡರು.

"ಬೀಗರು ಬಂದಾರ, ಏಳ ನನ್ನ ಹುಲಿಗಿ..."

ಸುರೇಖಾ ಓಡಿದಳು. ಮನೆಯಲ್ಲಿ ಮೇಘಾ ಎದ್ದು ಕೂತು ನೀರು ಕುಡಿಯುತ್ತಿದ್ದಳು.

"ಅಕ್ಕಾ, ತಲಿದಿಂಬಿನ ಕಡೆ ಕುಂತು ಹಾಡಾಕಿ ಯಾರ?"

"ಯಾರಿಲ್ಲ. ಇವತ್ತೊಂದಿನ ಮಕ್ಕೋಬ್ಯಾಡ."

ಮದುವೆ ಆಯಿತು. ನಾನೇ ಉಂಡು ಬಂದಿದ್ದೇನೆ. ಹೋಗಿ ಕೇಳಿ, ಶ್ರೀರಾಮನಗರವೇನು ದೂರವಿಲ್ಲ. ಅಳಿಸಿದ ಆ ಹಾಡು ಅದೇ ಕಾರ್ಡಿನಲ್ಲಿ ಇನ್ನೂ ಇದೆ. ನನಗೂ ಕೇಳಿಸಿದಳು. ಊರೂರು ತಿರುಗಿ ಇಂಥವಕ್ಕೆಲ್ಲ ಹೆದರದ ನಾನೂ, ಮುದುಕಿ ಹೆಸರು ಕೇಳುವಾಗ ಯಾರ ಹೆಸರೂ ಹೊರಬೀಳದಿರಲಿ ಅಂತ ಬಾಯಿಗೆ ಸೆರಗು ಒತ್ತಿಕೊಂಡಿದ್ದೆ. ಆಮೇಲೆ "ನಿನ್ನ ಹೆಸರ್ಲೆ" ಅನ್ನುವ ದನಿ. ಸುರೇಖಾಳದೇ, ಸಂಶಯವೇ ಇಲ್ಲ.

ಫೈಲಿನ ತಾರೀಖು ಮಾತ್ರ 2014ರ ಜೂನ್ ಹದಿಮೂರು. ಆಗ ಹುಲಿಗವ್ವ ಬದುಕಿದ್ದಳು.